ನಮ್ಮ ಕನ್ನಡ ಪ್ರೋಗ್ರಾಮಿಂಗ್ ಭಾಷೆಗೆ ಜಿಪಿಎಲ್ ಲೈಸೆನ್ಸ್ ಹಾಕಿದ ಅನುಭವ

ಬಾಗಲಕೋಟೆಯ ನವನಗರದಲ್ಲಿ ಸಂಜೆ ಹೈಸ್ಕೂಲು ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಅವರಿಗಾಗಿಯೇ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದೆ. ಆದೇಶಗಳೆಲ್ಲ ಕನ್ನಡದಲ್ಲಿ, ಕಂಪೈಲರ್ ಅದನ್ನು ಸಿ ಭಾಷೆಗೆ ತಿರುಗಿಸುತ್ತದೆ. ಎರಡು ವರ್ಷ ಅದು ಪೆನ್‌ಡ್ರೈವ್‌ಗಳಲ್ಲಿ ಕೈಯಿಂದ ಕೈಗೆ ಹೋಯಿತು. ಯಾರು ಹೇಗೆ ಬಳಸಬಹುದೆಂದು ಹೇಳುವ ಲೈಸೆನ್ಸಿನ ಗೊಡವೆಗೇ ನಾನು ಹೋಗಿರಲಿಲ್ಲ.

ಒಂದು ದಿನ ಅದೇ ಕಂಪೈಲರ್ ಒಂದು ತರಬೇತಿ ಸಂಸ್ಥೆಯಲ್ಲಿ ಕಂಡಿತು. ಅವರು ದುಡ್ಡು ತೆಗೆದುಕೊಂಡದ್ದಕ್ಕೆ ನನಗೆ ಬೇಸರವಿಲ್ಲ. ಕೆಲವು ದೋಷಗಳನ್ನು ಚೆನ್ನಾಗಿಯೇ ತಿದ್ದಿದ್ದರು. ಆ ತಿದ್ದುಪಡಿಯ ಸೋರ್ಸ್ ಕೋಡ್, ಅಂದರೆ ಮನುಷ್ಯರು ಓದಿ ತಿದ್ದಬಲ್ಲ ಮೂಲ ಬರಹ, ಕೇಳಿದರೆ ಕೊಡಲಿಲ್ಲ. ಅದು ಹೊಟ್ಟೆ ಉರಿಸಿತು. ಇತ್ತ, ಪಕ್ಕದ ಊರಿನ ಶಿಕ್ಷಕಿಯೊಬ್ಬರು ಲೈಸೆನ್ಸ್ ಇಲ್ಲದ್ದನ್ನು ಶಾಲೆಯಲ್ಲಿ ಬಳಸಲಾರೆ ಎಂದು ಹಿಂದೆ ಸರಿದರು. ಅವರ ಮಾತು ಸರಿ. ಲೈಸೆನ್ಸ್ ಏನನ್ನೂ ಹಾಕದಿದ್ದರೆ ಎಲ್ಲ ಹಕ್ಕೂ ಕೋಡ್ ಬರೆದವನದೇ ಎನ್ನುತ್ತದೆ ಕಾನೂನು.

ಹಾಗಾಗಿ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಲೈಸೆನ್ಸಿನ 2007ರ ಮೂರನೇ ಆವೃತ್ತಿಯನ್ನು ಆರಿಸಿಕೊಂಡೆ. ಬಳಸಬಹುದು, ತಿದ್ದಬಹುದು, ಮಾರಲೂಬಹುದು; ಆದರೆ ಇನ್ನೊಬ್ಬರಿಗೆ ಹಂಚಿದರೆ ಸೋರ್ಸ್ ಕೋಡನ್ನೂ ಅದೇ ಸ್ವಾತಂತ್ರ್ಯವನ್ನೂ ಜೊತೆಗೆ ಕೊಡಲೇಬೇಕು. ಕಾಪಿಲೆಫ್ಟ್ ಎಂದರೆ ಇದೇ. ಲೈಸೆನ್ಸಿನ ಪೂರ್ಣ ಪಠ್ಯ ಸೇರಿಸಿ, ಪ್ರತಿ ಕಡತದ ತಲೆಗೆ ಹಕ್ಕುಸ್ವಾಮ್ಯದ ಸಾಲು ಬರೆಯುವುದು ಒಂದೇ ಸಂಜೆಯಲ್ಲಿ ಮುಗಿಯಿತು.

ಮರುವಾರ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ಬಡ್ಡಿ ಲೆಕ್ಕದ ಪ್ರೋಗ್ರಾಮಿನಿಂದ ಹೊರಬಂದ ಸಿ ಕಡತವನ್ನು ತೆರೆದು ಕೇಳಿದಳು: "ಸರ್, ಲೆಕ್ಕ ಬರೆದವಳು ನಾನು. ಇಲ್ಲಿ ನಿಮ್ಮ ಹೆಸರು ಏಕೆ ಬಂದಿದೆ?"

ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಕಂಪೈಲರ್ ಜಿಪಿಎಲ್‌ನಲ್ಲಿದ್ದ ಮಾತ್ರಕ್ಕೆ ಅದರಿಂದ ಹೊರಬಂದದ್ದಕ್ಕೆಲ್ಲ ಜಿಪಿಎಲ್ ಅಂಟುವುದಿಲ್ಲ. ಆದರೆ ನನ್ನ ಲೈಬ್ರರಿಯ, ಅಂದರೆ ಕಂಪೈಲರಿನ ಜೊತೆಗಿರುವ ಸಿದ್ಧ ಕೋಡಿನ, ತುಣುಕುಗಳು ಪ್ರತಿ ಪ್ರೋಗ್ರಾಮಿನೊಳಗೂ ನಕಲಾಗುತ್ತಿದ್ದವು. ಅವುಗಳ ಬೆನ್ನಿಗೆ ಜಿಪಿಎಲ್ ಕೂಡ ಅವಳ ಲೆಕ್ಕದೊಳಗೆ ಬಂದು ಕೂರುತ್ತಿತ್ತು. ನಾನು ಬಯಸಿದ್ದು ಅದಲ್ಲ. ಮಕ್ಕಳು ಬರೆದದ್ದು ಮಕ್ಕಳದೇ ಆಗಿರಬೇಕು. ಪರಿಹಾರ ನನ್ನ ಫೋಲ್ಡರಿನಲ್ಲೇ ಇತ್ತು. ಆದೇಶಗಳ ವಾಕ್ಯರಚನೆ ಬಿಡಿಸಲು ನಾನು ಬಳಸಿದ್ದು ಬೈಸನ್ ಎಂಬ ಸಾಧನ. ಅದು ಬರೆದುಕೊಟ್ಟ ಕಡತದ ಆರಂಭದಲ್ಲಿಯೇ ಇಂಥ ನಕಲಿಗೆ ವಿಶೇಷ ವಿನಾಯಿತಿ ಕೊಟ್ಟಿದೆ. ಅದನ್ನು ನೂರು ಸಲ ದಾಟಿ ಹೋಗಿದ್ದೆ. ಜಿಸಿಸಿ ಎಂಬ ಹೆಸರಾಂತ ಕಂಪೈಲರ್ ಕೂಡ ತನ್ನ ಲೈಬ್ರರಿಗಳಿಗೆ ಹೀಗೊಂದು ವಿನಾಯಿತಿ ಇಟ್ಟಿದೆ. ಜಿಪಿಎಲ್‌ನ ಏಳನೇ ಕಲಮಿನಲ್ಲಿ ಇದಕ್ಕೆ ಅವಕಾಶವಿದೆ. ಲೈಬ್ರರಿಗೆ ಮಾತ್ರ ಅಂಥ ಒಂದು ಪ್ಯಾರಾ ಸೇರಿಸಿದೆ.

ಆದರೆ ಲೈಬ್ರರಿಯೆಲ್ಲ ನನ್ನದಲ್ಲ. 'ಬಾಗಲಕೋಟೆ' ಎಂಬ ಪದದ ಉದ್ದ ಕೇಳಿದರೆ ನನ್ನ ಹಳೆಯ ಕೋಡ್ 24 ಎನ್ನುತ್ತಿತ್ತು, ಕಂಪ್ಯೂಟರ್ ಅದನ್ನು ಇಡಲು ಬಳಸುವ ಬೈಟುಗಳ ಲೆಕ್ಕ. ಮಕ್ಕಳ ಕಣ್ಣಿಗೆ ಅಲ್ಲಿರುವುದು ಐದೇ ಅಕ್ಷರ. ಅದನ್ನು ಐದು ಎಂದು ಎಣಿಸುವಂತೆ ಬರೆದವನು ಇಳಕಲ್ಲಿನ ಒಬ್ಬ ಹುಡುಗ. ಅವನು ಬರೆದದ್ದಕ್ಕೆ ಆ ವಿನಾಯಿತಿ ಕೊಡಲು ಅವನ ಒಪ್ಪಿಗೆ ಬೇಕು. ಹದಿನೆಂಟು ತುಂಬಿಲ್ಲವಾದ್ದರಿಂದ ತಂದೆಯ ಸಹಿಯನ್ನೂ ಕೇಳಲು ಹೋದೆ. ಅವರು ಸೀರೆ ನೇಯುವವರು. ಮಗ್ಗ ನಿಲ್ಲಿಸಿ, ಕಾಗದವನ್ನು ಪೂರ್ತಿ ಓದಿಸಿ ಕೇಳಿದರು.

"ಮಾಸ್ತರರೇ, ಇವನು ಮಾಡಿದ್ದನ್ನು ಯಾರಾದರೂ ತಮ್ಮದೆಂದು ಮುಚ್ಚಿಟ್ಟುಕೊಂಡರೆ?"

"ಕಂಪೈಲರಿನ ಜೊತೆ ಹಂಚುವವರು ಮುಚ್ಚಿಡುವಂತಿಲ್ಲ. ಇವನ ಹೆಸರನ್ನು ಅಳಿಸುವಂತೆಯೂ ಇಲ್ಲ" ಎಂದೆ.

ಅಪ್ಪ, ಮಗ ಇಬ್ಬರೂ ಸಹಿ ಹಾಕಿದರು. ಆ ಕಡತದಲ್ಲಿ ಹಕ್ಕುಸ್ವಾಮ್ಯದ ಮೊದಲ ಸಾಲು ಈಗ ಹುಡುಗನದು.