ಗಿಟಾರ್ ರೆಕಾರ್ಡಿಂಗ್: ಜೋರಾಗಿ ಬಾರಿಸಿ ಗೇನ್ ಇಡಿ

ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡ್ ಮಾಡುವಾಗ ಸುಮ್ನೆ ಮೆಲ್ಲಗೆ ಮೀಟಿ ಗೇನ್ (ಒಳಬರುವ ಸದ್ದನ್ನು ಎಷ್ಟು ಏರಿಸಬೇಕೆಂಬ ಮಟ್ಟ) ಇಡಬೇಡಿ. ಗಿಟಾರಿನ ವಾಲ್ಯೂಮ್ ಪೂರ್ತಿ ಏರಿಸಿ, ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನಲ್ಲಿ ಇನ್‌ಸ್ಟ್ರುಮೆಂಟ್ ಬಟನ್ ಒತ್ತಿ, ಹಾಡಿನಲ್ಲಿ ಎಲ್ಲಕ್ಕಿಂತ ಜೋರಾದ ಭಾಗವನ್ನೇ ಬಾರಿಸುತ್ತಾ ಮೀಟರ್ -12 ಡಿಬಿ ಆಸುಪಾಸು ನಿಲ್ಲುವಂತೆ ಹೊಂದಿಸಿ. ಸ್ಕ್ರೀನಿನಲ್ಲಿ ಅಲೆ ಸಣ್ಣದಾಗಿ ಕಾಣುತ್ತದೆ, ಕಾಣಲಿ ಬಿಡಿ. 24 ಬಿಟ್ ರೆಕಾರ್ಡಿಂಗ್‌ನಲ್ಲಿ ಸದ್ದನ್ನು ಆಮೇಲೆ ಏರಿಸಿದರೂ ಏನೂ ಹಾಳಾಗುವುದಿಲ್ಲ, ಆದರೆ ಮೀಟರಿನಲ್ಲಿ 0 ದಾಟಿ ಒಡೆದ ಸದ್ದನ್ನು ಯಾವ ಪ್ಲಗಿನ್ನೂ ಪೂರ್ತಿ ಸರಿಮಾಡುವುದಿಲ್ಲ, ಅಲ್ವಾ? ಆಂಪ್ ಸಿಮ್ (ಆಂಪ್ಲಿಫೈಯರಿನ ಸದ್ದನ್ನು ಅನುಕರಿಸುವ ಸಾಫ್ಟ್‌ವೇರ್) ಮಂಕಾಗಿ ಕೇಳಿಸಿದರೆ ಅದರ ಇನ್‌ಪುಟ್ ಏರಿಸಿ, ಇಂಟರ್‌ಫೇಸಿನ ಗೇನ್ ಮುಟ್ಟಬೇಡಿ. ಪಿಕಪ್ (ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯುವ ಭಾಗ) ಜಾಸ್ತಿ ಜೋರಿದ್ದು, ಗೇನ್ ಸೊನ್ನೆಯಲ್ಲಿದ್ದರೂ ಕೆಂಪು ದೀಪ ಹೊತ್ತಿಕೊಂಡರೆ ಮಾತ್ರ ಇದು ನಡೆಯುವುದಿಲ್ಲ. ಆಗ ಒಳಬರುವ ಸದ್ದನ್ನು ತಗ್ಗಿಸುವ ಪ್ಯಾಡ್ ಬಟನ್ ಹಾಕಿ, ಅದೂ ಇಲ್ಲದಿದ್ದರೆ ಸ್ಕ್ರೂಡ್ರೈವರ್ ಹಿಡಿದು ಪಿಕಪ್ಪನ್ನೇ ತಂತಿಯಿಂದ ಸ್ವಲ್ಪ ಕೆಳಗಿಳಿಸಿ.