10,00,009 ಅನ್ನು ಕಾಗದದ ಮೇಲೆ ಒಡೆದ ಬಗೆ

ನೋಡಿದರೆ ಅವಿಭಾಜ್ಯವೇ ಇರಬೇಕು ಅನ್ನಿಸುವ ಸಂಖ್ಯೆ ಇದು. ಗಣಿತಜ್ಞ ಆಯ್ಲರ್‌ನಂಥವನೇ ಒಮ್ಮೆ ಅವಿಭಾಜ್ಯಗಳ ಪಟ್ಟಿಗೆ ಸೇರಿಸಿ, ಆಮೇಲೆ ತಿದ್ದಿಕೊಂಡಿದ್ದ.

ಅಂಕೆಗಳ ಮೊತ್ತ 10, ಹಾಗಾಗಿ 3 ಹೋಗುವುದಿಲ್ಲ. 7, 11, 13 ಮೂರನ್ನೂ ಒಟ್ಟಿಗೇ ನೋಡಿದೆ: 7×11×13 = 1001 ಆದ್ದರಿಂದ ಬಲಗಡೆಯಿಂದ ಮೂರು ಮೂರು ಅಂಕೆ ಬಿಡಿಸಿ 9 − 0 + 1 = 10 ಎಂದರೆ ಸಾಕು, 10ಕ್ಕೆ ಮೂರರಲ್ಲಿ ಒಂದೂ ಹೋಗದು. ಹೀಗೇ ಭಾಗಿಸುತ್ತ ಹೋದರೆ 62ನೆಯ ಅವಿಭಾಜ್ಯದ ತನಕ ಏನೂ ಸಿಗುವುದಿಲ್ಲ. ಅದಕ್ಕೇ ದಾರಿ ಬದಲಿಸಿದೆ.

ಸಂಖ್ಯೆ 1000² + 3² ಆಗಿದೆ. 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ರೀತಿಯಲ್ಲಿ ಬರೆಯಬಹುದು. ಇನ್ನೊಂದು ರೀತಿ ಸಿಕ್ಕಿತೋ, ಅದು ಅವಿಭಾಜ್ಯವಲ್ಲ.

ಹುಡುಕಾಟ ಕುರುಡಾಗಬೇಕಿಲ್ಲ. ಎರಡು ವರ್ಗ ಕೂಡಿ ಕೊನೆಯಲ್ಲಿ 9 ಬರಬೇಕಾದರೆ ಆ ವರ್ಗಗಳ ಕೊನೆಯಂಕೆಗಳು 0 ಮತ್ತು 9, ಇಲ್ಲವೇ 4 ಮತ್ತು 5. ಅಂದರೆ ಒಂದು ಸಂಖ್ಯೆ 5ರ ಅಪವರ್ತ್ಯ, ಅದರ ವರ್ಗ 25ರ ಅಪವರ್ತ್ಯ. ಇನ್ನೊಂದರ ವರ್ಗವನ್ನು 25ರಿಂದ ಭಾಗಿಸಿದಾಗ 9 ಉಳಿಯಬೇಕು, ಆದ್ದರಿಂದ ಅದು 25ಕ ± 3 (ಕ ಯಾವುದಾದರೂ ಪೂರ್ಣಾಂಕ). 10,00,009ರಿಂದ ಅದರ ವರ್ಗ ಕಳೆದು 25ರಿಂದ ಭಾಗಿಸಿದರೆ ಉಳಿಯುವ 40000 − 25ಕ² ∓ 6ಕ ಪೂರ್ಣ ವರ್ಗವಾಗಬೇಕು. ಗೊತ್ತಿರುವ 3 ಬಿಟ್ಟರೆ 79 ಸಂಖ್ಯೆ ಮಾತ್ರ ಪರೀಕ್ಷೆಗೆ ಉಳಿಯುತ್ತವೆ.

ಮೇಲಿನಿಂದ ಇಳಿದೆ. 997ಕ್ಕೆ ಹೀಗೆ ಉಳಿಯುವುದು 240, ವರ್ಗವಲ್ಲ. 978ಕ್ಕೆ 1741, ಅದೂ ಅಲ್ಲ. 972ಕ್ಕೆ (ಕ = 39) 40000 − 38025 + 234 = 2209 = 47². 5×47 = 235, ಆದ್ದರಿಂದ 10,00,009 = 972² + 235². ಮೂರನೇ ಯತ್ನಕ್ಕೇ ಸಿಕ್ಕಿದ್ದು ಅದೃಷ್ಟ. ಕೆಳಗಿನಿಂದ ಹತ್ತಿದ್ದರೆ 77ನೆಯದಕ್ಕೆ ಸಿಗುತ್ತಿತ್ತು.

ಇನ್ನು 1000² + 3² ಮತ್ತು 972² + 235² ಎಂಬ ಎರಡು ರೀತಿಗಳಿಂದ ಅಪವರ್ತನ ತೆಗೆಯಲು ಸಮಕ್ಕೆ ಸಮ, ಬೆಸಕ್ಕೆ ಬೆಸ ಜೋಡಿಸಬೇಕು. ವ್ಯತ್ಯಾಸಗಳು: 1000 − 972 = 28, 235 − 3 = 232. ಮೊತ್ತಗಳು: 1972, 238. 28 ಮತ್ತು 232ರ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) 4, ಭಾಗಿಸಿದರೆ 7 ಮತ್ತು 58. 1972 ಮತ್ತು 238ರ ಮ.ಸಾ.ಅ. 34. ಎರಡೂ ಮ.ಸಾ.ಅ.ಗಳ ಅರ್ಧ 2 ಮತ್ತು 17. ಈ ಎರಡರ ವರ್ಗಗಳ ಮೊತ್ತ ಒಂದು ಅಪವರ್ತನ, 7 ಮತ್ತು 58ರ ವರ್ಗಗಳ ಮೊತ್ತ ಇನ್ನೊಂದು:

2² + 17² = 293
7² + 58² = 3413

293 × 3413 = 10,00,009. ಎರಡೂ ಅವಿಭಾಜ್ಯ, 3413ಕ್ಕೆ 53ರ ತನಕ ಪರೀಕ್ಷಿಸಿದರೆ ಸಾಕು.

ಜೋಡಿ ತಪ್ಪಿ 1000ಕ್ಕೆ 235 ಕಟ್ಟಿದರೆ ವ್ಯತ್ಯಾಸಗಳು 765, 969, ಮ.ಸಾ.ಅ. 51, ಭಾಗಿಸಿದರೆ 15, 19; 15² + 19² = 586. ಇದು 293ರ ಎರಡರಷ್ಟು. ಸಂಖ್ಯೆ ಬೆಸ, ಭಾಜಕ ಸಮ ಬಂತಲ್ಲ ಎಂದು ಗಾಬರಿಯಾಗಿ ಮೊದಲಿನಿಂದ ಶುರುಮಾಡಬೇಡಿ, 2ರಿಂದ ಭಾಗಿಸಿ.

ಅಪವರ್ತನ ಸಿಕ್ಕ ಮೇಲೆ ಉಳಿದದ್ದು ಬೇಗ ಮುಗಿಯಿತು. ಭಾಜಕಗಳು ನಾಲ್ಕು, ಅವುಗಳ ಮೊತ್ತ 294 × 3414 = 10,03,716. 10,00,009ರೊಡನೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲದ, ಅದಕ್ಕಿಂತ ಚಿಕ್ಕ ಸಂಖ್ಯೆಗಳು 292 × 3412 = 9,96,304. ವರ್ಗಗಳ ವ್ಯತ್ಯಾಸವಾಗಿ ಒಡೆಯುವ ಫರ್ಮಾ ವಿಧಾನ ಇಲ್ಲಿ ದಂಡ: 1001ರಿಂದ ಒಂದೊಂದೇ ಏರಿ 293 ಮತ್ತು 3413ರ ಸರಾಸರಿ 1853ಕ್ಕೆ ಮುಟ್ಟಬೇಕು, ಬೆಸ ಮಾತ್ರ ನೋಡಿದರೂ 427 ಹೆಜ್ಜೆ.