ಅಮೆರಿಕದಲ್ಲಿ ಸ್ವಂತ ವಿಮಾನದ ಸಣ್ಣ ಭಾಗಗಳಿಗೆ ಬಣ್ಣ: ಯಾವುದು ನಿಮ್ಮ ಕೆಲಸ, ಯಾವುದು ಮೆಕ್ಯಾನಿಕ್‌ನದು

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿ, ಪೈಲಟ್ ಆಗಿ, ಹಳೆಯ ಸೆಸ್ನಾ 172 ಅಥವಾ ಪೈಪರ್ ಚೆರೋಕಿ ಕೊಂಡವರಿಗೂ ಕೊಳ್ಳಬೇಕೆಂದಿರುವವರಿಗೂ ಈ ಬರಹ. ವಿಮಾನ ಎಂದರೆ ಪರವಾನಗಿ ಇದ್ದ ಎಂಜಿನಿಯರ್ ಬಿಟ್ಟು ಬೇರೆ ಯಾರೂ ಸ್ಪ್ಯಾನರ್ ಹಿಡಿಯಬಾರದು ಎಂದೇ ನಾವು ಊರಿನಲ್ಲಿ ಕೇಳಿ ಬೆಳೆದದ್ದು. ಅಮೆರಿಕದ ವಿಮಾನಯಾನ ಆಡಳಿತ, ಅಂದರೆ ಎಫ್‌ಎಎ, ಕೆಲವು ಕೆಲಸಗಳನ್ನು ಮಾಲೀಕ-ಪೈಲಟ್‌ನ ಕೈಗೇ ಬಿಟ್ಟಿದೆ. ಅದಕ್ಕೆ ಪ್ರಿವೆಂಟಿವ್ ಮೇಂಟೆನೆನ್ಸ್ ಎಂದು ಹೆಸರು. ಪಟ್ಟಿ ಇರುವುದು ಎಫ್‌ಎಎ ನಿಯಮಾವಳಿಯ ಪಾರ್ಟ್ 43ರ ಅಪೆಂಡಿಕ್ಸ್ ಎ, ಪ್ಯಾರಾ ಸಿ-ಯಲ್ಲಿ. ಸ್ಯಾಂಡ್ ಪೇಪರ್ ಕೊಳ್ಳುವ ಮೊದಲು ಅದನ್ನು ಪೂರ್ತಿ ಓದಿ.

ವಿಮಾನ ಕೊಳ್ಳುವವರು ಮೊದಲು ತಿಳಿಯಬೇಕಾದ್ದು ಇನ್ನೊಂದಿದೆ. ವ್ಯಕ್ತಿಯ ಹೆಸರಿನಲ್ಲಿ ವಿಮಾನ ನೋಂದಣಿ ಆಗಬೇಕಾದರೆ ಆತ ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಎಚ್-1ಬಿಯಲ್ಲಿ ಇರುವವರಿಗೆ ಸ್ವಂತ ಹೆಸರಲ್ಲಿ ಆಗುವುದಿಲ್ಲ.

ಕೆಲಸ ಮಾಡುವವರಿಗೆ ಪಾರ್ಟ್ 61ರ ಪೈಲಟ್ ಸರ್ಟಿಫಿಕೇಟ್ ಬೇಕು. ವಿಮಾನ ಅವರದ್ದೇ ಆಗಿರಬೇಕು ಅಥವಾ ಅವರೇ ಹಾರಿಸುವಂಥದ್ದಾಗಿರಬೇಕು. ಪಾರ್ಟ್ 121, 129, 135ರ ಅಡಿ ಬಾಡಿಗೆ ಸಾಗಾಟಕ್ಕೆ ಓಡುವ ವಿಮಾನವಾದರೆ ಈ ಸವಲತ್ತು ಇಲ್ಲ. ಕೆಲಸ ಮುಗಿದ ಮೇಲೆ ವಿಮಾನ ಹಾರಲು ಯೋಗ್ಯ ಎಂದು ಸಹಿ ಹಾಕಲು ಕನಿಷ್ಠ ಪ್ರೈವೇಟ್ ಪೈಲಟ್ ಆಗಿರಬೇಕು. ಸ್ಟೂಡೆಂಟ್ ಪೈಲಟ್‌ನ ಸಹಿ ನಡೆಯದು.

ಬಣ್ಣದ ಬಗ್ಗೆ ಪಟ್ಟಿ ಹೇಳುವುದು ಇಷ್ಟು: ಫ್ಯೂಸಲಾಜ್ (ವಿಮಾನದ ಒಡಲು), ರೆಕ್ಕೆ, ಬಾಲದ ಭಾಗ, ಫೇರಿಂಗ್ (ಗಾಳಿ ಸರಾಗ ಸರಿಯಲು ಹಾಕುವ ಹೊದಿಕೆ), ಕೌಲಿಂಗ್ (ಎಂಜಿನ್ ಮುಚ್ಚುವ ಕವಚ), ಲ್ಯಾಂಡಿಂಗ್ ಗೇರ್, ಕ್ಯಾಬಿನ್ ಇವುಗಳ ಅಲಂಕಾರದ ಲೇಪನವನ್ನು ಹೊಸದು ಮಾಡಬಹುದು. ಆದರೆ ಅದಕ್ಕಾಗಿ ಮುಖ್ಯ ರಚನೆಯನ್ನಾಗಲಿ ಚಾಲನಾ ವ್ಯವಸ್ಥೆಯನ್ನಾಗಲಿ ಬಿಚ್ಚುವಂತಿಲ್ಲ. ವಿಮಾನವನ್ನು ತಿರುಗಿಸಲು, ಏರಿಳಿಸಲು ಅಲುಗಾಡುವ, ಬ್ಯಾಲೆನ್ಸ್ ಮಾಡಿದ ಕಂಟ್ರೋಲ್ ಸರ್ಫೇಸ್‌ಗಳನ್ನೂ ಮುಟ್ಟುವಂತಿಲ್ಲ. ಐಲೆರಾನ್, ಎಲಿವೇಟರ್, ರಡ್ಡರ್ ಇವುಗಳ ಹಿಂಜಿನ ಹಿಂದೆ ಒಂದು ಪದರ ಬಣ್ಣ ಹೆಚ್ಚಾದರೂ ಭಾರದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ವೇಗದಲ್ಲಿ ಹೋಗುವಾಗ ಆ ಭಾಗ ತಾನಾಗಿ ಪಟಪಟ ಬಡಿದುಕೊಳ್ಳಲು ತೊಡಗಬಹುದು. ಫ್ಲಟರ್ ಎಂದರೆ ಅದು; ಸೆಕೆಂಡುಗಳಲ್ಲಿ ಬಾಲವನ್ನೇ ಕಿತ್ತುಹಾಕಬಲ್ಲದು. ಇಂಥ ಭಾಗಕ್ಕೆ ಬಣ್ಣ ಬಳಿದ ಮೇಲೆ ಮ್ಯಾನ್ಯುಯಲ್ ಪ್ರಕಾರ ಮತ್ತೆ ಬ್ಯಾಲೆನ್ಸ್ ನೋಡಬೇಕು, ಅದು ಎ ಆ್ಯಂಡ್ ಪಿ, ಅಂದರೆ ವಿಮಾನದ ಒಡಲು ಮತ್ತು ಎಂಜಿನ್ ಎರಡಕ್ಕೂ ಎಫ್‌ಎಎ ಸರ್ಟಿಫಿಕೇಟ್ ಇರುವ ಮೆಕ್ಯಾನಿಕ್‌ನ ಕೆಲಸ. ಒಂದು ಗೀರಿಗೆ ಟಚ್-ಅಪ್ ಅಷ್ಟೇ ಅಲ್ಲವೇ ಎಂದು ಕೈ ಹಾಕಬೇಡಿ. ಪ್ರೊಪೆಲ್ಲರ್ ಕೂಡ ಈ ಸಾಲಿನಲ್ಲಿ ಇಲ್ಲ. ಪ್ರೊಪೆಲ್ಲರ್ ನಡುವಿನ ಮೂತಿಯಂಥ ಮುಚ್ಚಳ, ಸ್ಪಿನ್ನರ್, ಬಿರುಕು ಬಿಟ್ಟಿದ್ದರೆ ಬಣ್ಣ ಬಳಿದು ಮುಚ್ಚದೆ ಮೆಕ್ಯಾನಿಕ್‌ಗೆ ತೋರಿಸಿ.

ಮೊದಲ ಸಲಕ್ಕೆ ವೀಲ್ ಪ್ಯಾಂಟ್, ಅಂದರೆ ಚಕ್ರದ ಫೇರಿಂಗ್, ಒಳ್ಳೆಯ ಆಯ್ಕೆ. ಫೈಬರ್ ಗ್ಲಾಸಿನದ್ದು, ಕೆಲವು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಸ್ಕ್ರೂ ತೂತುಗಳ ಸುತ್ತ ಬಿರುಕು ಇದ್ದೇ ಇರುತ್ತದೆ. ಅತಿಯಾಗಿ ಬಿಗಿದದ್ದು ಮತ್ತು ನಡುಕ ಎರಡೂ ಸೇರಿ ಹಾಗಾಗುವುದು. ಬಿರುಕಿನ ತುದಿಯಲ್ಲಿ ಸುಮಾರು 3 ಮಿಲಿಮೀಟರ್ ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಒಳಬದಿಯನ್ನು 80 ನಂಬರ್ ಪೇಪರಿನಲ್ಲಿ ಉಜ್ಜಿ, ಎಪಾಕ್ಸಿಯಲ್ಲಿ ನೆನೆಸಿದ ಗ್ಲಾಸ್ ಬಟ್ಟೆಯ ಎರಡು-ಮೂರು ಪದರ ಅಂಟಿಸಿ. ಫೇರಿಂಗಿನ ಆಕಾರ ಬದಲಾಗದ ಇಂಥ ಸಣ್ಣ ದುರಸ್ತಿಗೂ ಪಟ್ಟಿಯಲ್ಲಿ ಅವಕಾಶ ಇದೆ.

ಉಜ್ಜುವ ಮೊದಲೇ ವ್ಯಾಕ್ಸ್-ಗ್ರೀಸ್ ರಿಮೂವರ್‌ನಿಂದ ಒರೆಸಬೇಕು: ಒಂದು ಬಟ್ಟೆ ಒದ್ದೆ, ಹಿಂದೆಯೇ ಇನ್ನೊಂದು ಒಣ. ಕ್ರಮ ತಪ್ಪಿದರೆ ಹಳೆಯ ಪಾಲಿಶ್‌ನ ಸಿಲಿಕೋನ್ ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಮತ್ತೆ ಹೊಸ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನ ಹಾಗೆ ಸರಿದು ಗುಳಿ ಬೀಳುತ್ತದೆ. ಪೇಂಟ್ ಸ್ಟ್ರಿಪ್ಪರ್ ಫೈಬರ್ ಗ್ಲಾಸಿಗೆ ತಾಗಬಾರದು, ಅದು ರೆಸಿನ್ ಅನ್ನೇ ಮೆತ್ತಗೆ ಮಾಡುತ್ತದೆ. ರೆಕ್ಕೆ ತುದಿಯ ಎಬಿಎಸ್ ಪ್ಲಾಸ್ಟಿಕ್‌ಗೆ ಅಸಿಟೋನ್ ಆಗದು, ಕರಗುತ್ತದೆ. 180ರಲ್ಲಿ ಅಂಚು ಇಳಿಸಿ, 320ರಲ್ಲಿ ನಯ ಮಾಡಿ, ಎಪಾಕ್ಸಿ ಪ್ರೈಮರ್ ಎರಡು ಕೋಟ್ ಕೊಡಿ. ಪ್ರೈಮರ್ ಬಿದ್ದ ಮೇಲೆ ಸೂಜಿಮೊನೆಯಂಥ ತೂತುಗಳು ಎದ್ದು ಕಾಣುತ್ತವೆ. ಅವನ್ನು ಈಗಲೇ ಫಿಲ್ಲರ್‌ನಿಂದ ತುಂಬಿ. ಮೇಲಿನ ಬಣ್ಣ ಅವನ್ನು ಮುಚ್ಚುವುದಿಲ್ಲ. 400ರಲ್ಲಿ ನೀರು ಹಾಕಿ ಉಜ್ಜಿದ ಮೇಲೆ ಬಣ್ಣ: ತೆಳುವಾಗಿ ಒಂದು, ಬಳಿಕ ಡಬ್ಬದಲ್ಲಿ ಹೇಳಿದಷ್ಟು ಬಿಡುವು ಕೊಟ್ಟು ತುಂಬು ಕೋಟ್ ಎರಡು. ಎರಡು ವೀಲ್ ಪ್ಯಾಂಟಿಗೆ ಬೆರೆಸಿದ ಬಣ್ಣ ಸುಮಾರು ಅರ್ಧ ಲೀಟರ್ ಸಾಕು.

ಅಲ್ಯೂಮಿನಿಯಂ ಮುಚ್ಚಳಗಳಾದರೆ ಸ್ಟೀಲ್ ವುಲ್ ಬೇಡವೇ ಬೇಡ. ಕಬ್ಬಿಣದ ಎಳೆಗಳು ಲೋಹದಲ್ಲಿ ಸಿಕ್ಕಿಕೊಂಡು ಅಲ್ಲಿಂದಲೇ ಬಿಳಿ ಪುಡಿಯಂಥ ಸವೆತ ಶುರುವಾಗುತ್ತದೆ. ಕೆಂಗಂದು ಸ್ಕಾಚ್-ಬ್ರೈಟ್ ಬಳಸಿ, ಹಗುರವಾಗಿ, ಯಾಕೆಂದರೆ ಮೇಲಿನ ಶುದ್ಧ ಅಲ್ಯೂಮಿನಿಯಂ ಪದರ ಬಹಳ ತೆಳು. ತೊಳೆದಾಗ ನೀರು ಹನಿಹನಿಯಾಗಿ ಒಡೆಯದೆ ಹಾಳೆಯಂತೆ ಹರಡಿದರೆ ಜಿಡ್ಡು ಹೋಗಿದೆ ಎಂದರ್ಥ.

ಎರಡು ಭಾಗದ ಪಾಲಿಯುರೆಥೇನ್ ಬಣ್ಣದ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇದೆ. ಅದರ ಮಂಜು ಉಸಿರಿನಲ್ಲಿ ಹೋದರೆ ಆಸ್ತಮಾ ಅಂಟಿಕೊಳ್ಳಬಹುದು. ಒಮ್ಮೆ ಮೈಗೆ ಒಗ್ಗದಾದರೆ ಆಮೇಲೆ ತೀರಾ ಸ್ವಲ್ಪವೂ ತಾಳದು. ಬಟ್ಟೆಯ ಮಾಸ್ಕ್ ಏನೂ ತಡೆಯದು. ಹೊರಗಿನಿಂದ ಗಾಳಿ ಕೊಡುವ ಮುಖವಾಡ ಇಲ್ಲದಿದ್ದರೆ ಉಜ್ಜುವುದು, ಪ್ರೈಮರ್ ನೀವು ಮಾಡಿ, ಕೊನೆಯ ಕೋಟ್ ಪೇಂಟ್ ಅಂಗಡಿಗೆ ಕೊಡಿ. ಹ್ಯಾಂಗರ್ ಒಳಗೆ ಸ್ಪ್ರೇ ಮಾಡುವುದನ್ನು ಅನೇಕ ವಿಮಾನ ನಿಲ್ದಾಣಗಳು ನಿಷೇಧಿಸಿವೆ. ಬಾಡಿಗೆ ಕರಾರು ನೋಡಿ. ಮಳೆಗಾಲದ ಆಟಿ ತಿಂಗಳಲ್ಲಿ ಕಾಸರಗೋಡಿನಲ್ಲಿ ಯಾರೂ ಗೇಟಿಗೆ ಬಣ್ಣ ಹೊಡೆಸುವುದಿಲ್ಲ. ಫ್ಲೋರಿಡಾದ ಆಗಸ್ಟ್ ಕೂಡ ಅಂಥದ್ದೇ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಹೊಳಪು ಹೋಗಿ ಬಣ್ಣ ಮಂಕಾಗುತ್ತದೆ.

ಭಾಗವನ್ನು ಕಳಚದೆ ವಿಮಾನದ ಮೇಲೆಯೇ ಬಣ್ಣ ಹಚ್ಚುವುದಾದರೆ ಟೇಪಿನ ಬಗ್ಗೆ ಎಚ್ಚರ. 1996ರ ಅಕ್ಟೋಬರ್ 2ರಂದು ಲಿಮಾದಿಂದ ಹೊರಟ ಏರೋಪೆರು 603 ಸಮುದ್ರಕ್ಕೆ ಬಿದ್ದು 70 ಮಂದಿಯೂ ಸತ್ತರು. ತೊಳೆಯುವಾಗ ಸ್ಟ್ಯಾಟಿಕ್ ಪೋರ್ಟ್‌ಗೆ, ಅಂದರೆ ಹೊರಗಿನ ಗಾಳಿಯ ಒತ್ತಡ ಅಳೆಯುವ ಸಣ್ಣ ತೂತಿಗೆ, ಅಂಟಿಸಿದ ಟೇಪ್ ತೆಗೆಯದೆ ಉಳಿದಿತ್ತು. ಎತ್ತರವೂ ವೇಗವೂ ತಪ್ಪು ತೋರಿದವು. ದೂರದಿಂದಲೇ ಕಣ್ಣಿಗೆ ಹೊಡೆಯುವ ಬಣ್ಣದ ಟೇಪ್ ಹಾಕಿ, ಉದ್ದ ಬಾಲ ಬಿಡಿ, ಎಷ್ಟು ಅಂಟಿಸಿದಿರೆಂದು ಬರೆದಿಟ್ಟು ಲೆಕ್ಕ ಹಾಕಿ ತೆಗೆಯಿರಿ. ನೀರು ಬಸಿಯುವ ತೂತು, ಭಾಗಗಳನ್ನು ವಿದ್ಯುತ್ತಿಗೆ ಜೋಡಿಸುವ ಬಾಂಡಿಂಗ್ ತಂತಿ ಕೂರುವ ಜಾಗ, ವಿಮಾನದ ಗುರುತಿನ ವಿವರ ಇರುವ ಡೇಟಾ ಪ್ಲೇಟ್ ಇವುಗಳಿಗೆ ಬಣ್ಣ ತಾಗಬಾರದು.

ಕೊನೆಗೆ ಲಾಗ್‌ಬುಕ್. ಇದು ಬಿಟ್ಟರೆ ಕೆಲಸ ಮುಗಿದಂತಲ್ಲ. ಮಾಡಿದ ಕೆಲಸದ ವಿವರ, ಮುಗಿಸಿದ ದಿನಾಂಕ, ನಿಮ್ಮ ಸಹಿ, ಸರ್ಟಿಫಿಕೇಟ್ ನಂಬರ್, ಅದು ಯಾವ ಬಗೆಯದು, ಇಷ್ಟನ್ನು ಪಾರ್ಟ್ 43ರ 43.9ನೇ ನಿಯಮ ಕೇಳುತ್ತದೆ. ‘ಬಣ್ಣ ಹಚ್ಚಿದೆ’ ಎಂದಷ್ಟೇ ಬರೆದರೆ ಸಾಲದು. ‘ಎಡ ಮುಖ್ಯ ಚಕ್ರದ ಫೇರಿಂಗ್ ತೆಗೆದು, ಸ್ಕ್ರೂ ತೂತಿನ ಬಿರುಕಿನ ತುದಿ ಕೊರೆದು, ಒಳಗಿನಿಂದ ಗ್ಲಾಸ್ ಬಟ್ಟೆ ಹಾಕಿ, ಎಪಾಕ್ಸಿ ಪ್ರೈಮರ್ ಮತ್ತು ಪಾಲಿಯುರೆಥೇನ್ ಬಳಿದು, ಮ್ಯಾನ್ಯುಯಲ್‌ನ ಇಂಥ ಅಧ್ಯಾಯದಂತೆ ಮರುಜೋಡಿಸಿದೆ’ ಎಂಬಷ್ಟು ಬೇಕು, ಇಂಗ್ಲಿಷಿನಲ್ಲಿ. ಮರುಜೋಡಿಸುವಾಗ ಟಯರಿಗೂ ಫೇರಿಂಗಿಗೂ ಮ್ಯಾನ್ಯುಯಲ್ ಹೇಳಿದಷ್ಟು ಅಂತರ ಇದೆಯೇ ನೋಡಿ. ಹೊಸ ಬಣ್ಣ ಸ್ಕ್ರೂ ತಲೆಯಡಿ ಒತ್ತಿ ಕೂರುವುದರಿಂದ ಹಿಡಿತ ಸಡಿಲಾಗುತ್ತದೆ. ಮೊದಲ ಹಾರಾಟ ಮುಗಿಸಿ ಇಳಿದ ಕೂಡಲೇ ಪ್ರತಿಯೊಂದು ಸ್ಕ್ರೂವನ್ನೂ ಮತ್ತೊಮ್ಮೆ ಕೈಯಿಂದ ಪರೀಕ್ಷಿಸಿ.